ಸತ್ಯಾಂಶ: ಜಿಬಿ ಜಾಸ್ತಿ ಇದ್ರೆ ಗ್ರಾಫಿಕ್ಸ್ ಕಾರ್ಡ್ ಫಾಸ್ಟ್ ಇರುತ್ತಾ?

ಮೊದಲ್ನೇ ಸಲ ಗೇಮಿಂಗ್ ಪಿಸಿ ಕಟ್ಟೋರಿಗೆ ಜಿಬಿ, ಅಂದ್ರೆ ಕಾರ್ಡಿನೊಳಗಿನ ಮೆಮೊರಿ, ಜಾಸ್ತಿ ಇರೋ ಕಾರ್ಡೇ ಫಾಸ್ಟು ಅನ್ನೋ ಫಾರ್ವರ್ಡ್ ಬರ್ತಾನೇ ಇರುತ್ತೆ, ಅದು ತಪ್ಪು. ಡಬ್ಬದ ಮೇಲೆ ಎದ್ದು ಕಾಣೋ ನಂಬರ್ ಅದೇ ಆಗಿರೋದ್ರಿಂದ ನಂಬೋದು ಸಹಜಾನೇ. ಆದ್ರೆ ಒಂದೇ ತಲೆಮಾರಿನ ಎರಡು ಕಾರ್ಡ್ ನೋಡಿ, ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ, 3070ರಲ್ಲಿ 8 ಜಿಬಿ, ಆದ್ರೂ ಹೆಚ್ಚಿನ ಗೇಮ್‌ಗಳಲ್ಲಿ 3070ನೇ ಮುಂದೆ, ಯಾಕಂದ್ರೆ ಅದರಲ್ಲಿ 5888 ಕೋರ್ (ಲೆಕ್ಕ ಮಾಡೋ ಘಟಕಗಳು) ಇವೆ, 3060ರಲ್ಲಿ 3584 ಅಷ್ಟೇ, ಮೆಮೊರಿ ಬಸ್ಸೂ (ಮೆಮೊರಿಗೆ ಡೇಟಾ ಹೋಗಿ ಬರೋ ದಾರಿ) 3060ರ 192 ಬಿಟ್‌ಗಿಂತ ಅಗಲ, 256 ಬಿಟ್. ತುಂಬಾ ನಿಧಾನವಾದ ಹಳೇ ಕಾರ್ಡ್ ಜಿಟಿ 730 ಕೂಡ 4 ಜಿಬಿಲಿ ಬರುತ್ತೆ, ಆ ನಂಬರ್ ನೋಡಿ ಹೊಸಬ್ರು ದುಡ್ಡು ಕಳ್ಕೊಂಡ್ರೆ ನಿಜಕ್ಕೂ ಬೇಜಾರಾಗುತ್ತೆ.

ಹಾಗಂತ ಜಿಬಿ ಲೆಕ್ಕಕ್ಕೇ ಇಲ್ಲ ಅಂತಲ್ಲ, ಮೆಮೊರಿ ಸಾಲದಿದ್ರೆ ಗೇಮ್ ತಡವರಿಸುತ್ತೆ. ಚೆಕ್ ಮಾಡೋಕೆ ಕಾರ್ಡಿನ ಪೂರ್ತಿ ಮಾಡೆಲ್ ಹೆಸರು, ನೀವಾಡೋ ಗೇಮು, ನಿಮ್ಮ ಮಾನಿಟರ್ ರೆಸಲ್ಯೂಷನ್ ಹಾಕಿ ಬೆಂಚ್‌ಮಾರ್ಕ್ (ವೇಗ ಅಳೆದ ಪರೀಕ್ಷೆ) ಹುಡುಕಿ, ಒಂದೇ ಸೆಟ್ಟಿಂಗಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ) ಹೋಲಿಸಿ, ಎರಡ್ಮೂರು ಕಡೆ ಹೆಚ್ಚುಕಮ್ಮಿ ಒಂದೇ ಥರ ಬಂದ್ರೆ ನಂಬಬಹುದು.