ಸಾಕಿದ ನಾಯಿ ಕಚ್ಚಿದರೂ ದೂರು ಕೊಡಿ
ನಾಯಿ ಕಡಿತದ ಬಗ್ಗೆ ಓದಿದ ಲೇಖನವೊಂದರಲ್ಲಿ ಬೀದಿ ನಾಯಿ ಕಚ್ಚಿದರೆ ಸಿಗುವ ಪರಿಹಾರದ ಮಾತಷ್ಟೇ ಇದೆ. ಸಾಕಿದ ನಾಯಿ ಕಚ್ಚಿದರೂ ಸುಮ್ನೆ ಕೂರಬೇಕಾಗಿಲ್ಲ. ಶಿರಸಿಯಲ್ಲಿ ಹಾಲು ತರಲು ಹೋಗಿದ್ದ ನಮ್ಮ ಆಯಿಗೆ ಪಕ್ಕದ ಮನೆ ನಾಯಿ ಕಚ್ಚಿತ್ತು. ಮೀನಖಂಡದಲ್ಲಿ ನಾಲ್ಕು ಹಲ್ಲಿನ ಗುರುತು, ಸೀರೆ ಅಂಚೆಲ್ಲ ರಕ್ತ. ಅರಿಶಿನ ಹಚ್ಚಿ ಅಂದವರೇ ಜಾಸ್ತಿ. ದಯವಿಟ್ಟು ಹಚ್ಚಬೇಡಿ. ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ತಕ್ಷಣ ಇಂಜೆಕ್ಷನ್‌ಗೆ ಹೋಗಿ. ಗಾಯದ ಫೋಟೊ, ಆಸ್ಪತ್ರೆ ಚೀಟಿ, ಬಿಲ್ಲು ಎಲ್ಲ ಎತ್ತಿಡಿ.

ನಾಯಿಯನ್ನು ಹದ್ದುಬಸ್ತಿನಲ್ಲಿ ಇಡದ ಮಾಲೀಕರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ದೂರು ಕೊಡಬಹುದು. 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಸ್ಪತ್ರೆ ಖರ್ಚಿಗೆ ಸಿವಿಲ್ ದಾವೆ ಹಾಕಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ನಮ್ಮ ಉತ್ತರ ಕನ್ನಡದ ಜಿಲ್ಲಾ ಕಚೇರಿ ಕಾರವಾರದಲ್ಲೇ ಇದೆ.