ನಾಯಿ ಹತ್ರ ಉದ್ರಿ ನಡೆಯಲ್ಲ

ನಮ್ಮ ದಾವಣಗೆರೆ ಮಂಡಿಪೇಟೆ, ಚೌಕಿಪೇಟೆ ಕಡೆ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆ ಮೇಲ್ಗಡೆ "ಇಂದು ನಗದು ನಾಳೆ ಉದ್ರಿ" ಅಂತ ಬರೆದಿರ್ತಾರಲ್ಲ, ಮನೇಲಿ ನಾಯಿಗೆ ಟ್ರೇನಿಂಗ್ ಕೊಡ್ತೀನಿ ಅನ್ನೋರು ಮೊದಲು ಅದನ್ನ ಒಂದ್ಸಲ ಓದ್ಕೊಂಡು ಬರ್ಬೇಕು. ನಾಯಿ ಅಂದ ಕೂಡ್ಲೇ ಜನ ನಿಯತ್ತು, ಅನ್ನದ ಋಣ ಅಂತ ಶುರು ಹಚ್ಕೋತಾರೆ. ನಿಯತ್ತು ಇಲ್ಲ ಅಂತ ನಾನೆಲ್ಲಿ ಅಂದೆ? ಐತೆ, ಬೇಕಾದಷ್ಟು ಐತೆ. ಆದ್ರೆ "ಕುಂದ್ರು" ಅಂದಾಗ ಕುಂದ್ರೋದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಅದು ವ್ಯಾಪಾರ, ನೀನು ಏನ್ ಕೊಡ್ತಿ, ಯಾವಾಗ ಕೊಡ್ತಿ, ಅಷ್ಟೇ.

ಕುಂದ್ರಿಸೋದು ಸುಲಭ, ಅದನ್ನ ಯಾರಾದ್ರೂ ಮಾಡಬಹುದು. ಒಂದು ಕ್ಯಾರೆಟ್ ತುಂಡು ಮೂಗಿನ ಹತ್ರ ಹಿಡಿದು ನಿಧಾನಕ್ಕೆ ತಲೆ ಮೇಲಿಂದ ಹಿಂದಕ್ಕೆ ಒಯ್ದ್ರೆ ಅದರ ಮೂಗು ಮೇಲೆ ಹೋಗುತ್ತೆ, ಮೂಗು ಮೇಲೆ ಹೋದ್ರೆ ಕುಂಡಿ ತಾನಾಗೇ ಕೆಳಗೆ ಬರುತ್ತೆ, ಬೆನ್ನು ಹಿಡಿದು ಒತ್ತೋದು ಗಿತ್ತೋದು ಏನೂ ಬೇಡ. ಕುಂಡಿ ನೆಲಕ್ಕೆ ತಾಗಿದ ಸೆಕೆಂಡಿಗೆ ತುಂಡು ಬಾಯಿಗೆ ಹೋಗ್ಬೇಕು. ಇಲ್ಲೇ ಎಲ್ಲರೂ ಲೇಟ್ ಮಾಡೋದು. ಅದು ಕೂತಿರುತ್ತೆ, ಇವರು "ಅವ್ವಾ ಬಾ ಇಲ್ಲಿ, ಕೂತಾನೆ ನೋಡು" ಅಂತ ಮನೆ ಮಂದಿನೆಲ್ಲ ಕರೆದು, ಫೋಟೋ ತೆಗೆದು, ಆಮೇಲೆ ಜೇಬಿಗೆ ಕೈ ಹಾಕ್ತಾರೆ, ಅಷ್ಟರಲ್ಲಿ ಅದು ಎದ್ದು ನಿಂತು ಕಿವಿ ಕೆರ್ಕೋತಿರುತ್ತೆ. ಆಗ ಕೊಟ್ರೆ ಕೊಟ್ಟಿದ್ದು ಕಿವಿ ಕೆರ್ಕೊಂಡಿದ್ದಕ್ಕೆ. ಹಳೇ ಬಾಕಿ ಅನ್ನೋದು ಅದರ ಪುಸ್ತಕದಲ್ಲಿ ಇಲ್ವೇ ಇಲ್ಲ. ಒಂದೊಂದು ಸಲಕ್ಕೆ ಐದು ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಎಳೆದ್ರೆ ಅದಕ್ಕೂ ಬೇಜಾರು ನಮಗೂ ಸಿಟ್ಟು. ಮತ್ತೆ ಮನೇಲಿ ಎಲ್ಲರೂ ಒಂದೇ ಮಾತು ಇಟ್ಕೊಂಡ್ರೆ ಅರ್ಧ ಕೆಲಸ ಮುಗೀತು, ತಮ್ಮ ಸಿಟ್ ಅಂದು, ಅವ್ವ ಕೂತ್ಕಳ್ಳೋ ನನ್ನ ರಾಜ ಅಂದ್ರೆ ಆ ಬಡಪಾಯಿ ಯಾರ ಮಾತು ಅಂತ ಕೇಳ್ಬೇಕು.

ಆದ್ರೆ ನಾನು ಹೇಳ್ಬೇಕು ಅಂತಿರೋದು ಬೇರೆ. ನಾವು ಕಲಿಸ್ಬೇಕು ಅಂತ ಕೂತು ಕಲಿಸಿದ್ದಕ್ಕಿಂತ, ಗೊತ್ತಿಲ್ಲದೇ ದಿನಾ ದುಡ್ಡು ಕೊಟ್ಟು ಕಲಿಸಿದ್ದೇ ನಾಯಿಗೆ ಚೆನ್ನಾಗಿ ಬರುತ್ತೆ. ನಮ್ಮನೇದೇ ತಗೊಳ್ಳಿ. ಹೆಸರು ಕರಿಯ, ಜಾತಿ ನಾಯಿ ಏನಲ್ಲ, ಬೀದಿ ಮರಿ, ಮಳೇಲಿ ಗೇಟ್ ಒಳಗೆ ಬಂದಿದ್ದು ಹೋಗ್ಲೇ ಇಲ್ಲ. ಸಂಜೆ ಆದ್ರೆ ಮಂಡಕ್ಕಿ ಮೆಣಸಿನಕಾಯಿ ಇಲ್ದೇ ನಮ್ಮೂರಲ್ಲಿ ಯಾರ ಮನೇಲೂ ಹೊತ್ತು ಹೋಗಲ್ಲ, ನಮ್ಮನೇಲೂ ಅಷ್ಟೇ. ಪೇಪರ್ ಪೊಟ್ಟಣ ಬಿಚ್ಚೋ ಸದ್ದು ಕೇಳಿದ್ರೆ ಸಾಕು, ಹಿತ್ತಲಲ್ಲಿ ಮಲಗಿದ್ದ ಕರಿಯ ಜೊಲ್ಲು ಸುರಿಸ್ಕೊಂಡು ಪಡಸಾಲೇಲಿ ಹಾಜರ್. ಪಾವ್ಲೋವ್ ಅಂತ ರಷ್ಯಾದ ವಿಜ್ಞಾನಿ ನಾಯಿ ಜೊಲ್ಲಿನ ಮೇಲೆ ಪ್ರಯೋಗ ಮಾಡಿ ಹೆಸರಾದ್ರು, ಅವರಿಗೆ 1904ರಲ್ಲಿ ನೊಬೆಲ್ ಬಂದಿದ್ದೇನೋ ಜೀರ್ಣಕ್ರಿಯೆ ಸಂಶೋಧನೆಗೆ, ಆದ್ರೆ ಜನಕ್ಕೆ ನೆನಪಿರೋದು ಜೊಲ್ಲು ಮಾತ್ರ. ಇರ್ಲಿ. ಜೊಲ್ಲು ಸುರಿಸೋದು ಅದರ ಕೈಲಿಲ್ಲ, ಅದಕ್ಕೆ ಬೈಯೋ ಹಾಗಿಲ್ಲ. ಬೊಗಳೋದು ಮಾತ್ರ ನಾವೇ ಕಲಿಸಿದ್ದು. ಮೊದಲು ಸುಮ್ನೆ ನೋಡ್ತಾ ಕೂತಿತ್ತು, ಯಾರೂ ಕೊಡ್ಲಿಲ್ಲ. ಕುಂಯ್ ಅಂತು, ಯಾರೂ ಕೊಡ್ಲಿಲ್ಲ. ಒಂದಿನ ಜೋರಾಗಿ ಬೊಗಳ್ತು, ಟೀವಿ ಕೇಳಿಸ್ತಿಲ್ಲ ಅಂತ ಅಪ್ಪ ಒಂದು ಹಿಡಿ ಮಂಡಕ್ಕಿ ಎಸೆದ್ರು. ಆಯ್ತಲ್ಲ, ರೇಟ್ ಫಿಕ್ಸ್ ಆಯ್ತು.

(ಒಗ್ಗರಣೆ ಮಂಡಕ್ಕೀಲಿ ಈರುಳ್ಳಿ ಇರುತ್ತೆ, ಈರುಳ್ಳಿ ಬೆಳ್ಳುಳ್ಳಿ ಎರಡೂ ನಾಯಿ ರಕ್ತಕ್ಕೆ ಒಳ್ಳೇದಲ್ಲ, ಅದರ ಕೆಂಪು ರಕ್ತಕಣ ಹಾಳಾಗ್ತವೆ. ದ್ರಾಕ್ಷಿ, ಚಾಕ್ಲೇಟೂ ಬೇಡ. ಬಿಳಿ ಮಂಡಕ್ಕಿ ನಾಕು ಕಾಳು ಹಾಕಿದ್ರೆ ಏನಾಗಲ್ಲ.)

ಈಗ ಇದನ್ನ ಬಿಡಿಸೋಣ ಅಂತ ಹೊರಟ್ರೆ ಅಸಲಿ ಆಟ ಶುರು. ಎಲ್ಲರೂ ತಿಳ್ಕೊಂಡಿರೋದು ಏನಂದ್ರೆ ಕೊಡೋದು ನಿಲ್ಲಿಸಿದ್ರೆ ಬೊಗಳೋದು ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಆಗುತ್ತೆ ಅಂತ. ಇಲ್ಲ. ಮೊದಲು ಜಾಸ್ತಿ ಆಗುತ್ತೆ. ನಿನ್ನೆವರೆಗೂ ಬರ್ತಿದ್ದ ಮಾಲು ಇವತ್ತು ಯಾಕೆ ಬರ್ಲಿಲ್ಲ ಅಂತ ಗಿರಾಕಿ ಗಲಾಟೆ ತೆಗೀತಾನೆ, ನ್ಯಾಯವಾಗೇ ಐತೆ ಅದು. ಬೊಗಳುತ್ತೆ, ಹಾರುತ್ತೆ, ಕಾಲು ಕೆರೆಯುತ್ತೆ, ಅಪ್ಪನ ಲುಂಗಿ ಎಳೆಯುತ್ತೆ. ಆ ಗದ್ದಲದ ಮಧ್ಯೆ ಯಾರಾದ್ರೂ "ಪಾಪ ಬಿಡು ಇವತ್ತೊಂದಿನ" ಅಂತ ಒಂದು ತುಂಡು ಕೊಟ್ರೆ ಮುಗೀತು, ಮೆಲ್ಲಗೆ ಬೊಗಳಿದ್ರೆ ಸಾಲಲ್ಲ, ಇಷ್ಟು ಜೋರಾಗಿ ಬೊಗಳ್ಬೇಕು ಅಂತ ಅದಕ್ಕೆ ಹೊಸ ಪಾಠ ಆಯ್ತು. ನಿಲ್ಲಿಸಿದ್ರೆ ಪೂರ್ತಿ ನಿಲ್ಲಿಸ್ಬೇಕು, ಇಲ್ಲಾಂದ್ರೆ ಶುರುನೇ ಮಾಡಬಾರ್ದು. ಅದಕ್ಕಿಂತ ಒಳ್ಳೇದು, ಬೊಗಳೋಕೆ ಮುಂಚೆನೇ ಚಾಪೆ ಮೇಲೆ ಸುಮ್ನೆ ಮಲಗಿದಾಗ ಒಂದು ತುಂಡು ಕೊಟ್ಟು ಬರೋದು. ಈ ಒಂದು ಕೆಲಸ ಯಾರೂ ಮಾಡಲ್ಲ ನೋಡಿ. ಸುಮ್ನೆ ಮಲಗಿರೋ ನಾಯಿ ನಮ್ಮ ಕಣ್ಣಿಗೇ ಬೀಳಲ್ಲ, ಗಲಾಟೆ ಮಾಡೋದಕ್ಕೆ ಮಾತ್ರ ಕೂಲಿ.

ಬೈಗುಳನೂ ಕೂಲಿನೇ, ಇದು ಬಹಳ ಜನಕ್ಕೆ ನಂಬಿಕೆ ಬರಲ್ಲ. ನಮ್ಮ ಹರಿಹರದ ಮಾವ ಬಂದಾಗೆಲ್ಲ ಕರಿಯ ಹಾರಿ ಅವರ ಬಿಳಿ ಪಂಚೆ ಮೇಲೆ ಕಾಲು ಊರ್ತಾನೆ, ಅವರು "ಏಯ್ ಏಯ್ ಹೋಗ್ಲೇ" ಅಂತ ಎರಡೂ ಕೈಯಲ್ಲಿ ತಳ್ತಾರೆ, ಕರಿಯನಿಗೆ ಅದು ಕುಸ್ತಿ, ಇನ್ನೂ ಜೋರಾಗಿ ಹಾರ್ತಾನೆ. "ಮಾವ, ತಿರುಗಿ ನಿಂತ್ಕಳ್ರಿ, ಮಾತಾಡಿಸ್ಬೇಡ್ರಿ, ನಾಲ್ಕೂ ಕಾಲು ನೆಲದ ಮೇಲೆ ಇಟ್ಟಾಗ ತಲೆ ಸವರ್ರಿ" ಅಂದೆ. "ನಿಮ್ಮನೇಗೆ ಬಂದು ನಾಯಿಗೆ ಬೆನ್ನು ತೋರಿಸಿ ನಿಂದ್ರಬೇಕೇನೋ ನಾನು?" ಅಂದ್ರು. ಅವರ ಮಾತೂ ಸರಿ ಐತೆ.

"ಬಾ" ಅನ್ನೋದು ಮಾತ್ರ ಬಹಳ ಹುಷಾರಾಗಿ ಬಳಸ್ಬೇಕು. ಕರೆದಾಗ ಬಂದ್ರೆ ಏನಾದ್ರೂ ಲಾಭ ಆಗ್ಲೇಬೇಕು, ಪ್ರತಿ ಸಲ. ಸ್ನಾನ ಮಾಡಿಸೋಕೆ, ಉಣ್ಣಿ ಹುಳ ಕೀಳೋಕೆ, ಚಪ್ಪಲಿ ಕಡಿದಿದ್ದಕ್ಕೆ ನಾಕು ಬಿಡೋಕೆ "ಬಾ ಬಾ" ಅಂತ ಕರೆದ್ರೆ ಆ ಮಾತಿನ ಬೆಲೆ ಬಿದ್ದು ಹೋಗುತ್ತೆ, ಆಮೇಲೆ ರೋಡಲ್ಲಿ ಲಾರಿ ಬರೋವಾಗ ಕರೆದ್ರೂ ತಿರುಗಿ ನೋಡಲ್ಲ. ಸ್ನಾನಕ್ಕೆ ಬೇಕಾದ್ರೆ ನಾವೇ ಎದ್ದು ಹೋಗಿ ಕರ್ಕೊಂಡು ಬರ್ಬೇಕು. ಅವ್ವಂಗೆ ಇದು ಇನ್ನೂ ಒಪ್ಪಿಗೆ ಆಗಿಲ್ಲ, ಬಕೆಟ್ ಪಕ್ಕ ನಿಂತೇ ಕರೀತಾಳೆ, ಅವನು ಅಪ್ಪನ ಗಾಡಿ ಹಿಂದೆ ಸೇರ್ಕೋತಾನೆ.

ಎದುರು ಮನೆ ಅಜ್ಜ ಒಬ್ಬರು ಇದೆಲ್ಲ ಗೇಟ್ ಹತ್ರ ನಿಂತು ನೋಡ್ತಿರ್ತಾರೆ, ಅವರದ್ದು ಒಂದೇ ಮಾತು, "ತುಂಗಾನ ನೋಡಿ ಕಲ್ತ್ಕಳಲೇ ಕರಿಯ". ತುಂಗಾ ಅಂದ್ರೆ ನಮ್ಮ ಜಿಲ್ಲಾ ಪೊಲೀಸ್ ಶ್ವಾನದಳದಲ್ಲಿದ್ದ ಡಾಬರ್‌ಮನ್, 2020ರಲ್ಲಿ ಚನ್ನಗಿರಿ ಕಡೆ ಒಂದು ಕೊಲೆ ಕೇಸಲ್ಲಿ ವಾಸನೆ ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಪೊಲೀಸರಿಗೆ ದಾರಿ ತೋರಿಸಿದ್ಲು, ಪೇಪರಲ್ಲೆಲ್ಲ ಬಂತು. ಹೆಮ್ಮೆನೇ. ಆದ್ರೆ ಅಂಥ ನಾಯಿಗಳಿಗೆ ದಿನಾ ಅಭ್ಯಾಸ ಮಾಡಿಸೋಕೆ ಅಂತಾನೇ ಒಬ್ಬ ಹ್ಯಾಂಡ್ಲರ್ ಇರ್ತಾರೆ, ಮತ್ತೆ ಪೊಲೀಸ್ ನಾಯಿಗೂ ಪುಕ್ಕಟೆ ಕೆಲಸ ಅಂತ ಇಲ್ಲ, ಎಷ್ಟೋ ನಾಯಿಗಳಿಗೆ ತಿಂಡಿ ಬದಲು ಇಷ್ಟದ ಚೆಂಡು ಕೊಟ್ಟು ಆಡಿಸ್ತಾರೆ, ಅದೇ ಅವಕ್ಕೆ ಸಂಬಳ. ಇದನ್ನ ಅಜ್ಜಂಗೆ ಹೇಳಿದ್ರೆ "ನಿಮ್ಮನೇಲಿ ಚೆಂಡು ಇಲ್ವೇನು" ಅಂತಾರೆ.

ಪಾಠ ಗಟ್ಟಿ ಆದ್ಮೇಲೆ ಪ್ರತಿ ಸಲ ಕೊಡ್ಬೇಕಾಗಿಲ್ಲ, ಒಂದ್ಸಲ ಕೊಟ್ಟು ಒಂದ್ಸಲ ಬರೀ ಶಬ್ಬಾಶ್ ಅಂದ್ರೂ ನಡೆಯುತ್ತೆ, ಇನ್ನೇನು ಬರುತ್ತೆ ಅಂತ ಅದು ಇನ್ನೂ ಮನಸ್ಸಿಟ್ಟು ಮಾಡುತ್ತೆ. ಆದ್ರೆ ಹೊಸ ಜಾಗಕ್ಕೆ ಹೋದ್ರೆ ಮತ್ತೆ ಮೊದಲಿಂದ ರೊಕ್ಕ ಎಣಿಸ್ಬೇಕು.

ಈಗ ನಡೀತಿರೋದು "ಬಿಡು". ಮುಷ್ಟೀಲಿ ಕ್ಯಾರೆಟ್ ಇಟ್ಕೊಂಡು ಮೂಗಿನ ಮುಂದೆ ಹಿಡಿಯೋದು, ಅವನು ನೆಕ್ತಾನೆ, ಹಲ್ಲಲ್ಲಿ ಕೆರೀತಾನೆ, ಸಾಕಾಗಿ ಮೂಗು ಹಿಂದಕ್ಕೆ ತಗೊಂಡ ಕೂಡ್ಲೇ ಇನ್ನೊಂದು ಕೈಯಿಂದ ಬೇರೆ ತುಂಡು ಕೊಡೋದು. ಮನೇಲಿ ನೂರಕ್ಕೆ ನೂರು. ಆದ್ರೆ ಬೆಳಗ್ಗೆ ಕುಂದವಾಡ ಕೆರೆ ಕಡೆ ವಾಕಿಂಗ್ ಹೊರಟ್ರೆ (ಬೇಸಿಗೇಲಿ ಆರು ಗಂಟೆಗೇ ಹೋಗ್ಬೇಕು, ಬಿಸಿಲೇರಿದ್ರೆ ಟಾರ್ ರೋಡಿಗೆ ಅಂಗಾಲು ಸುಟ್ಟು ಹೋಗುತ್ತೆ) ದಾರೀಲಿ ಯಾರೋ ಬಿಸಾಕಿದ ಕೋಳಿ ಮೂಳೆ ಸಿಗುತ್ತೆ, ಅದರ ಮುಂದೆ ನನ್ನ ಕ್ಯಾರೆಟ್‌ಗೆ ಮಾರ್ಕೆಟ್ಟೇ ಇಲ್ಲ. ಬೇಯಿಸಿದ ಚಿಕನ್ ಒಯ್ಯಬೇಕು ಅಂತ ಗೊತ್ತು, ಆದ್ರೆ ನಮ್ಮದು ಮೊಟ್ಟೆನೂ ಹೊಸಿಲು ದಾಟದ ಮನೆ. ಅವ್ವನ ಹತ್ರ ಸುಮಾರು ಚೌಕಾಸಿ ಆದ್ಮೇಲೆ ಪನೀರ್‌ಗೆ ಒಪ್ಪಿದಾಳೆ. ತಂದ್ರೆ ಅರ್ಧ ಕೇಜಿ ತಗೊಂಡ್ಬಾ, ನಾಯಿಗೊಂದು ತುಂಡು ಸಾಕು, ಉಳಿದಿದ್ದಕ್ಕೆ ಪಲ್ಯ ಮಾಡ್ತೀನಿ ಅಂದಿದಾಳೆ.