ದೃಷ್ಟಿಗೊಂಬೆಯ ತಲೆಗೆ ಹೆಲ್ಮೆಟ್

ಮಂಗಳೂರಿನ ಕಟ್ಟಡ ಸೈಟುಗಳಲ್ಲಿ ಸುರಕ್ಷತೆಯೇ ಇಲ್ಲ ಎಂದು ದೂರುವವರು ಸುಮ್ನೆ ಒಮ್ಮೆ ಕದ್ರಿ, ಬಿಜೈ, ಬೆಂದೂರ್‌ವೆಲ್ ಕಡೆ ಸುತ್ತು ಹಾಕಿ ಬರಬೇಕು. ಎಷ್ಟೊಂದು ಏರ್ಪಾಡು ಉಂಟು! ಮೊದಲ ಗುದ್ದಲಿ ಬೀಳುವ ಮುಂಚೆ ಭೂಮಿಪೂಜೆ, ಗಣಹೋಮ. ಜಾಗದಲ್ಲಿ ನಾಗನ ಕಲ್ಲು ಇದ್ದರೆ ಅದರ ಲೆಕ್ಕ ಬೇರೆ, ಅದು ತೀರುವವರೆಗೆ ಹಿಟಾಚಿಯ ಡ್ರೈವರ್ ಗಾಡಿ ಸ್ಟಾರ್ಟ್ ಮಾಡುವುದೇ ಇಲ್ಲ. ಗೇಟಿಗೆ ನಿಂಬೆಹಣ್ಣು, ಹಸಿಮೆಣಸು. ಮೊದಲ ಸ್ಲ್ಯಾಬಿಗೆ ಬೂದುಗುಂಬಳ. ಮೂರನೇ ಮಹಡಿಯಲ್ಲಿ ದೃಷ್ಟಿಗೊಂಬೆ. ಬೈಹುಲ್ಲು ತುಂಬಿದ ಪ್ಯಾಂಟು, ಹಳೆ ಶರ್ಟು, ಮಡಕೆಯ ತಲೆ, ಸುಣ್ಣದ ಹಲ್ಲು. ಆ ತಲೆಯ ಮೇಲೊಂದು ಹಳದಿ ಹೆಲ್ಮೆಟ್. ಪಟ್ಟಿಯನ್ನೂ ಗಲ್ಲದ ಕೆಳಗೆ ಸರಿಯಾಗಿ ಬಿಗಿದಿರುತ್ತಾರೆ. ಇಡೀ ಸೈಟಿನಲ್ಲಿ ನಿಯಮ ಪಾಲಿಸುವವನು ಅವನೊಬ್ಬನೇ.

ಪಕ್ಕದ ಸಾರುವೆಯ ಮೇಲೆ ನಿಂತು ಗೋಡೆಗೆ ಗಾರೆ ಬಳಿಯುವ ಹುಡುಗನ ತಲೆಗೆ ಒಂದು ಬೈರಾಸು, ಬರೀ ಟವೆಲು. ಅವನಿಗೆ ಯಾರ ದೃಷ್ಟಿಯೂ ತಾಗುವುದಿಲ್ಲ. ತಪಾಸಣೆಗೆ ಬಂದವರ ದೃಷ್ಟಿಯೂ ತಾಗುವುದಿಲ್ಲ.

ಹಾಗಂತ ನಮ್ಮಲ್ಲಿ ತಪಾಸಣೆಗೆ ಬರ ಇಲ್ಲ. ರಸ್ತೆಯಿಂದ ಎಷ್ಟು ಅಡಿ ಬಿಟ್ಟಿದ್ದಾರೆ, ಪ್ಲ್ಯಾನಿನಲ್ಲಿ ಇದ್ದದ್ದಕ್ಕಿಂತ ಒಂದು ಮಹಡಿ ಜಾಸ್ತಿ ಎದ್ದಿದೆಯಾ ಎಂದು ಅಳೆಯುವವರು ಒಬ್ಬರು. ಅಗೆದ ಮಣ್ಣನ್ನು ಲಾರಿಯಲ್ಲಿ ಸಾಗಿಸಿದರೆ ಪರ್ಮಿಟ್ ಕೇಳುವವರು ಇನ್ನೊಬ್ಬರು. ಲಿಫ್ಟಿಗೆ ಬೇರೆಯವರು. ಬೆಂಕಿ ಆರಿಸುವ ಪೈಪು, ನೀರಿನ ಟ್ಯಾಂಕಿಗೆ ಮತ್ತೊಬ್ಬರು. ಎತ್ತರ ಜಾಸ್ತಿಯಾದರೆ ಬಜ್ಪೆಗೆ ಬಂದಿಳಿಯುವ ವಿಮಾನಕ್ಕೆ ತೊಂದರೆ ಆಗುವುದಿಲ್ಲ ಎಂಬ ಕಾಗದವೂ ಬೇಕು. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಮೇಲೆ ದುಬೈಯಿಂದ ಬರುವವರಿಗೆ ಏನೂ ಆಗದಂತೆ ನೋಡಿಕೊಳ್ಳುವುದು ಊರಿನ ಮರ್ಯಾದೆಯ ಪ್ರಶ್ನೆ ಅಲ್ವಾ?

ಆದರೆ ಗುಡ್ಡ ಕಡಿದು ನೆಟ್ಟಗೆ ನಿಲ್ಲಿಸಿದ ಮಣ್ಣಿನ ಗೋಡೆ ಇದೆಯಲ್ಲ, ಕೆಳಗೆ ಎರಡು ಅಂತಸ್ತಿನ ಪಾರ್ಕಿಂಗ್ ಬೇಕೆಂದು ಕೊರೆದದ್ದು, ಅದರ ಬುಡದಲ್ಲಿ ಕಬ್ಬಿಣ ಕಟ್ಟುತ್ತಾ ಕೂತ ಏಳೆಂಟು ಜನ ಇದ್ದಾರಲ್ಲ, ಆ ಗೋಡೆ ಯಾರ ಫಾರ್ಮಿನಲ್ಲೂ ಇಲ್ಲ. ಮಹಡಿ ಎಣಿಸುವವರು ಮೇಲೆ ನೋಡುತ್ತಾರೆ. ಮಣ್ಣಿನ ಲೆಕ್ಕದವರು ಹೊರಗೆ ಹೋದ ಮಣ್ಣನ್ನು ನೋಡುತ್ತಾರೆ. ಒಳಗೆ ಉಳಿದ ಮಣ್ಣನ್ನು ನೋಡಲು ಯಾರನ್ನಾದರೂ ಕೇಳಿ, ಅದು ಸಂಬಂಧಪಟ್ಟ ಇಲಾಖೆಗೆ ಬರುತ್ತದೆ ಎನ್ನುತ್ತಾರೆ. ಆ ಇಲಾಖೆಯ ಬಾಗಿಲು ಎಲ್ಲಿದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಕಾನೂನಿನಲ್ಲಿ ಇಲ್ಲವೇ ಎಂದರೆ, ಉಂಟು. ನಮ್ಮಲ್ಲಿ ಕಾನೂನಿಗೆ ಏನು ಕಡಿಮೆ! ಅಗೆತದ ಸುರಕ್ಷತೆಗೆ ಭಾರತೀಯ ಮಾನಕದ ಒಂದು ಸಂಹಿತೆಯೇ ಇದೆ, ಐಎಸ್ 3764. ಒಂದೂವರೆ ಮೀಟರಿಗಿಂತ ಆಳದ ಕಂದಕ ತೋಡಿದರೆ ಬದಿಗೆ ಆಸರೆ ಕೊಡಬೇಕು. ಅಗೆದ ಮಣ್ಣನ್ನು ಅಂಚಿಗೇ ರಾಶಿ ಹಾಕಬಾರದು, ದೂರ ಸರಿಸಬೇಕು. ಹತ್ತಿ ಇಳಿಯಲು ಹತ್ತಿರದಲ್ಲೇ ಏಣಿ ಇರಬೇಕು. ಒಂದೂವರೆ ಮೀಟರ್ ಅಂದರೆ ಐದು ಅಡಿ. ನಮ್ಮ ಬಿಲ್ಡರುಗಳು ಇಪ್ಪತ್ತು, ಮೂವತ್ತು ಅಡಿ ಇಳಿಯುತ್ತಾರೆ. ಐದು ಅಡಿಯ ನಿಯಮ ಅಷ್ಟು ಆಳದಲ್ಲಿ ಇರುವವರ ಕಣ್ಣಿಗೆ ಕಾಣುವುದಾದರೂ ಹೇಗೆ?

ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಒಂದು ಕಾಯ್ದೆಯೂ ಬಂತು. ಕುಡಿಯುವ ನೀರು, ಶೌಚಾಲಯ, ಹೆಂಗಸರು ಐವತ್ತಕ್ಕಿಂತ ಜಾಸ್ತಿ ಇದ್ದರೆ ಮಕ್ಕಳಿಗೆ ಒಂದು ಕೋಣೆ, ಎಲ್ಲ ಅದರಲ್ಲಿತ್ತು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರುವ ಕಡೆ ಇದು ಅನ್ವಯ ಎಂದರು. ಅಷ್ಟು ಹೇಳಿದ್ದೇ ತಡ, ಊರಿನ ಅರ್ಧಕ್ಕರ್ಧ ರಿಜಿಸ್ಟರುಗಳಲ್ಲಿ ಒಂಬತ್ತೇ ಜನ ಉಳಿದರು. ಹನ್ನೆರಡು ಮಹಡಿಯ ಕಟ್ಟಡವನ್ನು ಒಂಬತ್ತೇ ಜನ ಕಟ್ಟಿ ಮುಗಿಸುವ ಊರು ಜಗತ್ತಿನಲ್ಲಿ ಇನ್ನೊಂದಿಲ್ಲ. ಕಾಂಕ್ರೀಟ್ ಹಾಕುವ ದಿನ ಸೈಟಿನಲ್ಲಿ ಕಾಣುವ ಉಳಿದ ಎಪ್ಪತ್ತು ಜನ ಬಹುಶಃ ನೋಡಲು ಬಂದವರು. ಬಿಹಾರ, ಬಂಗಾಳ, ಒಡಿಶಾದಿಂದ ರೈಲಿನಲ್ಲಿ ನಮ್ಮ ಸ್ಲ್ಯಾಬ್ ನೋಡಲು ಬರುತ್ತಾರೆ ಪಾಪ.

ಒಂದು ವಿಷಯದಲ್ಲಿ ಮಾತ್ರ ಯಾರೂ ತಡ ಮಾಡುವುದಿಲ್ಲ. ಕಟ್ಟಡದ ಖರ್ಚಿನ ಶೇ. 1ರಷ್ಟು ಸೆಸ್ ಕಟ್ಟಬೇಕು, ಕಾರ್ಮಿಕರ ಕಲ್ಯಾಣಕ್ಕೆ. ಅದನ್ನು ಪ್ಲ್ಯಾನ್ ಪಾಸಾಗುವಾಗಲೇ ಕಟ್ಟಿಸಿಕೊಳ್ಳುತ್ತಾರೆ. ಗುಂಡಿ ತೋಡುವ ಮೊದಲೇ ಕಲ್ಯಾಣದ ದುಡ್ಡು ಜಮೆ ಆಗಿರುತ್ತದೆ, ನೋಡಿ. ಆ ದುಡ್ಡಿನಿಂದ ಕೆಲಸಗಾರನಿಗೆ ಏನಾದರೂ ಸಿಗಬೇಕಾದರೆ ಅವನು ಹೆಸರು ನೋಂದಾಯಿಸಬೇಕು. ನೋಂದಾಯಿಸಬೇಕಾದರೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಾನೆ ಎಂದು ಯಾರಾದರೂ ಬರೆದುಕೊಡಬೇಕು. ಬರೆದುಕೊಡಬೇಕಾದವರು ಯಾರು? ರಿಜಿಸ್ಟರಿನಲ್ಲಿ ಒಂಬತ್ತು ಜನ ತೋರಿಸಿದ ಅದೇ ಕಂಟ್ರಾಕ್ಟರ್. ಹತ್ತನೆಯವನು ಹೋಗಿ ಕೇಳಿದರೆ, ನೀನು ನೋಡಲು ಬಂದವನಲ್ವಾ ಎಂದು ಕೇಳಿದರೂ ಆಶ್ಚರ್ಯ ಇಲ್ಲ.

ದಂಡದ ವಿಷಯಕ್ಕೆ ಬರೋಣ. ಸುರಕ್ಷತೆಯ ನಿಯಮ ಮುರಿದರೆ ಆ ಕಾಯ್ದೆಯಲ್ಲಿ ಮೂರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇತ್ತು. ಮುರಿಯುತ್ತಲೇ ಇದ್ದರೆ ದಿನಕ್ಕೆ 100 ರೂಪಾಯಿವರೆಗೆ ಜಾಸ್ತಿ. ಇವತ್ತು 2,000 ರೂಪಾಯಿಗೆ ಕದ್ರಿಯಲ್ಲಿ ಅರ್ಧ ಚದರ ಅಡಿ ಫ್ಲ್ಯಾಟೂ ಸಿಗುವುದಿಲ್ಲ. ಇನ್ನು ದಿನಕ್ಕೆ 100 ರೂಪಾಯಿ ಅಂದರೆ ಲಾಡ್ಜಿನ ರೂಮ್ ಬಾಡಿಗೆಗಿಂತ ಅಗ್ಗ. ನಿಯಮ ಮುರಿದು ಆರಾಮವಾಗಿ ಉಳಿದುಕೊಳ್ಳಬಹುದಿತ್ತು.

ಇಷ್ಟಾದರೂ ತಪಾಸಣೆಯ ದಿನದ ಸಂಭ್ರಮ ನೋಡಬೇಕು ನೀವು. ನಮ್ಮ ಕಡೆಯ ಹೆಣ್ಣು ನೋಡುವ ಶಾಸ್ತ್ರ ಇದರ ಮುಂದೆ ಏನೂ ಅಲ್ಲ. ಸಾಹೇಬರು ಬರುವ ದಿನ ಎರಡು ದಿನ ಮುಂಚೆಯೇ ಸೈಟಿಗೆ ಗೊತ್ತಿರುತ್ತದೆ. ಬಾಡಿಗೆ ಹೆಲ್ಮೆಟುಗಳು ಚೀಲದಲ್ಲಿ ಬಂದಿಳಿಯುತ್ತವೆ. ಹಸಿರು ಬಲೆಯನ್ನು ಒಗೆದು ಕಟ್ಟುತ್ತಾರೆ, ರಸ್ತೆಯ ಕಡೆಗೆ ಮಾತ್ರ. ಕೊಳೆತ ಹಲಗೆಯ ಮೇಲೆ ಹೊಸ ಪ್ಲೈವುಡ್. ಬರಿಗಾಲಿನವರನ್ನೆಲ್ಲ ಹಿಂದಿನ ಶೆಡ್ಡಿಗೆ ಕಳಿಸಿ ಬಾಗಿಲು ಎಳೆಯುತ್ತಾರೆ. ಗೇಟಿನಲ್ಲಿ ‘ಸುರಕ್ಷತೆಯೇ ಮೊದಲು’ ಎಂಬ ಬೋರ್ಡ್. ಬೋರ್ಡ್ ಹಾಕಲು ಏಣಿ ಸಿಗದೆ ಒಬ್ಬನ ಭುಜದ ಮೇಲೆ ಇನ್ನೊಬ್ಬ ನಿಂತಿರುತ್ತಾನೆ. ಅದು ಸಾಹೇಬರು ಬರುವ ಮುಂಚಿನ ಮಾತು, ಲೆಕ್ಕಕ್ಕಿಲ್ಲ.

ಸಾಹೇಬರು ಬರುತ್ತಾರೆ. ಮೊದಲು ಬೊಂಡ, ಅಂದರೆ ಎಳನೀರು. ಆಮೇಲೆ ಫೈಲು.

“ಹೆಲ್ಮೆಟ್ ಎಲ್ಲರಿಗೂ ಉಂಟಾ?”

“ಉಂಟು ಸಾರ್. ಒಂಬತ್ತಕ್ಕೆ ಒಂಬತ್ತು.”

“ಬೆಲ್ಟ್?”

“ಉಂಟು ಸಾರ್. ಆಫೀಸಿನಲ್ಲಿ ಭದ್ರವಾಗಿ ಇಟ್ಟಿದ್ದೇವೆ. ಮೇಲೆ ಕೊಂಡುಹೋದರೆ ಹಾಳಾಗ್ತದೆ.”

“ಫಸ್ಟ್ ಏಡ್ ಪೆಟ್ಟಿಗೆ?”

“ಉಂಟು ಸಾರ್. ಬೀಗದ ಕೈ ಧಣಿಗಳ ಹತ್ತಿರ.”

“ಕೆಳಗೆ ಬೇಸ್‌ಮೆಂಟ್ ಕಡೆ ಒಮ್ಮೆ ನೋಡುವನಾ?”

“ನೋಡ್ಬಹುದು ಸಾರ್. ಆದರೆ ಮಳೆ ಬಂದು ಸ್ವಲ್ಪ ಜಾರ್ತದೆ. ನಿಮಗೆ ಯಾಕೆ ಸಾರ್ ರಿಸ್ಕ್?”

ಸಾಹೇಬರಿಗೆ ಹೌದು ಅನಿಸುತ್ತದೆ. ನೆಲ ಅಪಾಯಕಾರಿಯಾಗಿದೆ, ಆದ್ದರಿಂದ ಅಪಾಯ ನೋಡಲು ಬಂದವರು ಅಲ್ಲಿಗೆ ಇಳಿಯುವುದು ಸರಿಯಲ್ಲ. ಮೇಲಿಂದಲೇ ಮೊಬೈಲಿನಲ್ಲಿ ಒಂದು ಫೋಟೋ. ಫೈಲಿನಲ್ಲಿ ‘ತೃಪ್ತಿಕರ’. ಅವರ ಕಾರು ತಿರುವು ದಾಟುವ ಹೊತ್ತಿಗೆ ಹೆಲ್ಮೆಟುಗಳು ವಾಪಸ್ ಚೀಲಕ್ಕೆ. ಒಂದೆರಡು ಉಳಿದರೆ ಸಿಮೆಂಟ್ ನೀರು ಮೊಗೆಯಲು ಬಹಳ ಒಳ್ಳೆಯದು.

ಸುರಕ್ಷತೆಗೆ ನಮ್ಮಲ್ಲಿ ಒಂದು ಹಬ್ಬವೂ ಇದೆ. ರಾಷ್ಟ್ರೀಯ ಸುರಕ್ಷತಾ ಮಂಡಳಿ ಶುರುವಾದದ್ದು 1966ರ ಮಾರ್ಚ್ 4ರಂದು. ಹಾಗಾಗಿ ಪ್ರತಿ ವರ್ಷ ಆ ದಿನದಿಂದ ಒಂದು ವಾರ ಸುರಕ್ಷತಾ ಸಪ್ತಾಹ. ಬ್ಯಾಡ್ಜು, ಬ್ಯಾನರು, ಪ್ರತಿಜ್ಞೆ, ಗೋಳಿಬಜೆ. ದೆಹಲಿಯವರಿಗೆ ಮಾರ್ಚ್ ಸರಿಯೇ ಇರಬಹುದು. ನಮ್ಮ ಕರಾವಳಿಯಲ್ಲಿ ಮಾರ್ಚ್ ತಿಂಗಳ ಮಣ್ಣಿನಷ್ಟು ಸಾಧು ಪ್ರಾಣಿ ಬೇರೆ ಇಲ್ಲ. ಮೇಲೆ ಗಟ್ಟಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಅದರ ಅಡಿಯಲ್ಲಿ ಶೇಡಿ ಎಂಬ ಜೇಡಿಮಣ್ಣು. ಒಣಗಿದ್ದಾಗ ಶೇಡಿಯನ್ನು ನೆಟ್ಟಗೆ ಕಡಿದು ನಿಲ್ಲಿಸಿದರೂ ನಿಲ್ಲುತ್ತದೆ. ಕಂಟ್ರಾಕ್ಟರ್ ತಟ್ಟಿ ತೋರಿಸುತ್ತಾನೆ, “ನೋಡಿ, ಕಲ್ಲಿನ ಹಾಗೆ ಉಂಟು. ದಾಲ ಆಪುಜಿ ಮಾರಾಯ್ರೆ.” ಏನೂ ಆಗುವುದಿಲ್ಲ ಎಂದು ತುಳುವಿನಲ್ಲಿ ಭರವಸೆ. ಜೂನ್ ಬರುತ್ತದೆ. ಮುರಕಲ್ಲಿನ ತೂತುಗಳಿಂದ ನೀರು ಇಳಿಯುತ್ತದೆ. ನೀರು ಕುಡಿದ ಶೇಡಿಗೆ ಬಲ ಉಳಿಯುವುದಿಲ್ಲ. ಮೇಲಿನ ಕಲ್ಲಿನ ಭಾರ ಹೊತ್ತು ನಿಂತಿದ್ದು ಒಮ್ಮೆಲೇ ಕುಸಿಯುತ್ತದೆ. ಇದು ಇಲ್ಲಿ ಬಾವಿ ತೋಡುವವನಿಗೆ ಗೊತ್ತು, ತೋಟದ ದರೆ ಕಡಿಯುವ ಆಳಿಗೆ ಗೊತ್ತು. ಗೊತ್ತಿಲ್ಲದಿರುವುದು ಸೈಟಿನ ಫೈಲಿಗೆ ಮಾತ್ರ, ಅದರಲ್ಲಿ ಮಾರ್ಚ್ ತಿಂಗಳ ಫೋಟೋ ಇದೆ. ಉಡುಪಿಯವರು ನಗಬೇಕಾಗಿಲ್ಲ. ಮಣಿಪಾಲದ ಗುಡ್ಡದ ಅಂಚಿನಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಬುಡಕ್ಕೂ ಇದೇ ಮಳೆ ಬೀಳುತ್ತದೆ.

2024ರ ಜುಲೈ 3ರಂದು ಮಂಗಳೂರಿನ ಬಲ್ಮಠದಲ್ಲಿ ಇದೇ ಆಯಿತು. ನಗರದ ನಟ್ಟನಡುವೆ, ಕಟ್ಟುತ್ತಿದ್ದ ಕಟ್ಟಡದ ಪಕ್ಕದ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಕ್ಕಿಬಿದ್ದರು. ಗಂಟೆಗಟ್ಟಲೆ ಅಗೆದರು. ಒಬ್ಬ ಜೀವಂತ ಬಂದ. ಇನ್ನೊಬ್ಬ ಬರಲಿಲ್ಲ. ಉತ್ತರ ಭಾರತದಿಂದ ದುಡಿಯಲು ಬಂದವನು. ಒಂದು ಘನ ಮೀಟರ್ ಹಸಿ ಮಣ್ಣು ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಅದು ಮೇಲೆ ಬಿದ್ದರೆ ಹೆಲ್ಮೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೂ ನಮ್ಮ ತಪಾಸಣೆ ಶುರುವಾಗುವುದು ಹೆಲ್ಮೆಟಿನಿಂದ, ಮುಗಿಯುವುದೂ ಹೆಲ್ಮೆಟಿನಲ್ಲಿ. ಯಾಕೆಂದರೆ ಹೆಲ್ಮೆಟನ್ನು ಎಣಿಸಬಹುದು.

ಮಣ್ಣು ಬಿದ್ದ ಮೇಲೆ ಮಾತ್ರ ಊರಿಗೆ ಇದ್ದಕ್ಕಿದ್ದಂತೆ ಕಣ್ಣು ಬರುತ್ತದೆ. ಎಲ್ಲಿ ಅನಾಹುತವಾಗಲಿ, ಮರುದಿನದ ದೃಶ್ಯ ಒಂದೇ. ಯಾರ ಫಾರ್ಮಿನಲ್ಲೂ ಇಲ್ಲದ ಗೋಡೆಯ ಮುಂದೆ ಎಲ್ಲ ಫಾರ್ಮಿನವರೂ ನಿಂತಿರುತ್ತಾರೆ. ಜನಪ್ರತಿನಿಧಿಗಳು ಕೊಡೆ ಹಿಡಿದವರ ಜೊತೆ ಬರುತ್ತಾರೆ. ಎಲ್ಲ ಸೈಟುಗಳನ್ನೂ ಪರಿಶೀಲಿಸಿ ವರದಿ ಕೊಡಿ ಎಂದು ಸೂಚನೆ ಹೊರಡುತ್ತದೆ. ತಪ್ಪಿತಸ್ಥರನ್ನು ಬಿಡುವುದಿಲ್ಲ ಎನ್ನುತ್ತಾರೆ. ಹಿಡಿದಿದ್ದರೆ ತಾನೇ ಬಿಡುವುದು! ವರದಿ ಸಿದ್ಧವಾಗುವ ಹೊತ್ತಿಗೆ ದಸರಾ ಬಂದಿರುತ್ತದೆ, ಮಳೆ ನಿಂತಿರುತ್ತದೆ, ಮಣ್ಣು ಮತ್ತೆ ಸಾಧುವಾಗಿರುತ್ತದೆ.

ಈಗ ಹೊಸ ಕಾಲ. 1996ರ ಕಾಯ್ದೆ ಹೋಗಿ, 2020ರಲ್ಲಿ ಪಾಸಾದ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ದಂಡ ಸಾವಿರದಿಂದ ಲಕ್ಷಕ್ಕೆ ಏರಿದೆ, ಅದನ್ನು ಒಪ್ಪಬೇಕು. ಇನ್ಸ್‌ಪೆಕ್ಟರಿಗೂ ಬಡ್ತಿ. ಅವರೀಗ ಬರೀ ಇನ್ಸ್‌ಪೆಕ್ಟರ್ ಅಲ್ಲ, ‘ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್’. ತಪ್ಪು ಹುಡುಕುವುದೂ ಅವರೇ, ನಿಯಮ ಪಾಲಿಸಲು ಸಲಹೆ ಕೊಡುವುದೂ ಅವರೇ. ಯಾವ ಸೈಟಿಗೆ ಯಾರು ಹೋಗಬೇಕೆಂದು ಕಂಪ್ಯೂಟರ್ ಚೀಟಿ ಎತ್ತುವ ಏರ್ಪಾಡೂ ಅದರಲ್ಲಿ ಉಂಟು. ಸೂಪರ್‌ವೈಸರುಗಳು ಸ್ವಲ್ಪ ಗಲಿಬಿಲಿಯಲ್ಲಿದ್ದಾರೆ. ಬೊಂಡ ಇನ್ಸ್‌ಪೆಕ್ಟರಿಗೆ ಸರಿ, ಫೆಸಿಲಿಟೇಟರಿಗೆ ಬೇರೆ ಊಟ ಹೇಳಬೇಕಾ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕಂಪ್ಯೂಟರಿನ ಚೀಟಿಯ ಸುದ್ದಿ ಎರಡು ದಿನ ಮುಂಚೆ ಸಿಗುವಂತೆ ಮಾಡುವುದು ಹೇಗೆ ಎಂದೂ ಯೋಚಿಸುತ್ತಿರಬಹುದು. ನಮ್ಮವರು ಬುದ್ಧಿವಂತರ ಜಿಲ್ಲೆಯವರು, ದಾರಿ ಸಿಗುತ್ತದೆ.

ನನ್ನದೊಂದು ಸಣ್ಣ ಸಲಹೆ ಉಂಟು. ಖರ್ಚು ಏನೂ ಇಲ್ಲ. ಸುರಕ್ಷತಾ ಸಪ್ತಾಹವನ್ನು ಮಾರ್ಚಿನಿಂದ ಜುಲೈಗೆ ತನ್ನಿ. ಸಭೆಯನ್ನು ಎಸಿ ಹಾಲಿನಲ್ಲಿ ಮಾಡುವುದು ಬೇಡ, ಗುಂಡಿಯ ತಳದಲ್ಲಿ ಮಾಡಿ. ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಗಳ ಸಾಲು. ಮೊದಲ ಸಾಲಿನಲ್ಲಿ ಬಿಲ್ಡರ್, ಅವರ ಪಕ್ಕ ಪ್ಲ್ಯಾನಿಗೆ ಸಹಿ ಹಾಕಿದವರು, ಆಮೇಲೆ ಮಹಡಿ ಎಣಿಸುವವರು, ಸೆಸ್ ಎಣಿಸುವವರು, ‘ತೃಪ್ತಿಕರ’ ಎಂದು ಬರೆದವರು. ಗೋಳಿಬಜೆ, ಚಹಾ ಅಲ್ಲಿಗೇ ಬರಲಿ. ಸ್ವಾಗತ, ಪ್ರಾಸ್ತಾವಿಕ, ವಂದನಾರ್ಪಣೆ, ಏನೂ ಬಿಡುವುದು ಬೇಡ. ಮಳೆ ಬೀಳುತ್ತಿರಲಿ. ಎಲ್ಲರಿಗೂ ಹೊಚ್ಚ ಹೊಸ ಹೆಲ್ಮೆಟ್ ಕೊಡಿ. ಪ್ರಾಸ್ತಾವಿಕ ಮುಗಿಯುವುದರೊಳಗೆ ಗೋಡೆಗೆ ಆಸರೆ ಕೊಡಿಸುವ ಆದೇಶ ಸಹಿಯಾಗಿ ಹೊರಬೀಳದಿದ್ದರೆ ಕೇಳಿ.

ಇದನ್ನು ನಿವೃತ್ತ ಇಂಜಿನಿಯರ್ ಒಬ್ಬರಿಗೆ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿದರು.

“ಐಡಿಯಾ ಒಳ್ಳೆಯದೇ. ಆದರೆ ಅಷ್ಟು ದೊಡ್ಡವರನ್ನೆಲ್ಲ ಸುಮ್ನೆ ಗುಂಡಿಗೆ ಇಳಿಸ್ಲಿಕ್ಕೆ ಆಗ್ತದಾ ಮಾರಾಯ್ರೆ? ಮೊದಲು ಯಾರಾದರೂ ಇಳಿದು, ಗೋಡೆ ಗಟ್ಟಿ ಉಂಟಾ ಅಂತ ಸರಿಯಾಗಿ ನೋಡಿ ಬರ್ಬೇಕಲ್ವಾ?”